ಎರಡೂ ಕಾಲಿಲ್ಲದೆ ಯುದ್ಧವಿಮಾನ ಹಾರಿಸಿದ ಡಗ್ಲಸ್ ಬಾಡರ್: ಬರೀ ಛಲದಿಂದಲೇ ನಡೆದರೇ?

ನಿಮ್ಮ ಫೋನಿಗೂ ಇಂಥದ್ದೊಂದು ಫಾರ್ವರ್ಡ್ ಬಂದಿರಬಹುದು. ಹಳೆಯ ಕಪ್ಪು-ಬಿಳುಪು ಫೋಟೊ, ಯುದ್ಧವಿಮಾನದ ಪಕ್ಕದಲ್ಲಿ ನಿಂತ ಗಟ್ಟಿಮುಟ್ಟಾದ ಪೈಲಟ್. ಕೆಳಗೆ ನಾಲ್ಕು ಸಾಲು. ಇವರಿಗೆ ಎರಡೂ ಕಾಲಿರಲಿಲ್ಲ, ಛಲದಿಂದ ಎದ್ದು ನಿಂತರು, ಶತ್ರುವಿನ ವಿಮಾನಗಳನ್ನು ಉರುಳಿಸಿದರು, ನಿಮಗೆ ಎರಡೂ ಕಾಲು ಇದೆಯಲ್ಲ, ನಿಮ್ಮದೇನು ಗೋಳು ಎಂಬ ಧಾಟಿಯಲ್ಲಿ.

ಆ ಪೈಲಟ್ ನಿಜವಾಗಿ ಇದ್ದವರು. ಹೆಸರು ಡಗ್ಲಸ್ ಬಾಡರ್, ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ ಅಧಿಕಾರಿ. ಎರಡೂ ಕಾಲು ಕಳೆದುಕೊಂಡದ್ದು ನಿಜ, ಮತ್ತೆ ಹಾರಿದ್ದೂ ನಿಜ. ಆದರೆ ಅಪಘಾತಕ್ಕೂ ಆ ಹಾರಾಟಕ್ಕೂ ನಡುವೆ ಏನು ನಡೆಯಿತು ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ. ಕಾಲು ಕಳೆದುಕೊಂಡವರಿಗೆ, ಅವರ ಮನೆಯವರಿಗೆ ಬೇಕಾಗಿರುವುದು ಅದೇ ನಡುವಿನ ಕಥೆ.

ಇಂಥ ಸಂದೇಶ ಯಾರ ಕೈಗೆ ಹೋಗಿ ಸೇರುತ್ತದೆ ಎಂದು ಯೋಚಿಸಿ. ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡು ಮಂಚದ ಮೇಲೆ ಕುಳಿತ ಅರವತ್ತು ದಾಟಿದ ಅಪ್ಪನಿಗೆ, ಬೈಕ್ ಅಪಘಾತದಲ್ಲಿ ಕಾಲು ಹೋದ ಹುಡುಗನಿಗೆ, ಕೃತಕ ಕಾಲು ಹಾಕಿಕೊಂಡಾಗಲೆಲ್ಲ ಚರ್ಮ ಸುಲಿದು ಅದನ್ನು ಮೂಲೆಗಿಟ್ಟ ಹೆಂಗಸಿಗೆ. ಅವರು ಅದನ್ನು ಓದಿ, ತಮ್ಮಲ್ಲಿ ಛಲ ಸಾಲದು, ತಪ್ಪು ತಮ್ಮದೇ ಎಂದುಕೊಂಡರೆ? ಹಾಗಾಗಬಾರದು ಎಂದೇ ನಾವು ಬಾಡರ್ ಅವರ ಬದುಕನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತಿದ್ದೇವೆ.

ಯಾರು ಈ ಬಾಡರ್?

ಡಗ್ಲಸ್ ಬಾಡರ್ ಹುಟ್ಟಿದ್ದು 1910ರ ಫೆಬ್ರವರಿ 21ರಂದು, ಲಂಡನ್ನಿನಲ್ಲಿ. ತಂದೆ ಭಾರತದಲ್ಲಿ ಕೆಲಸದಲ್ಲಿದ್ದ ಸಿವಿಲ್ ಎಂಜಿನಿಯರ್. ಹಸುಗೂಸಾಗಿದ್ದಾಗ ಬಾಡರ್ ಅವರನ್ನು ಬಂಧುಗಳ ಬಳಿ ಬಿಟ್ಟಿದ್ದರು. ಎರಡು ವರ್ಷವಾದಾಗ ಭಾರತಕ್ಕೆ ಕರೆಸಿಕೊಂಡರು. ಇಲ್ಲಿ ಒಂದು ವರ್ಷದಷ್ಟು ಕಾಲ ಇದ್ದು, 1913ರಲ್ಲಿ ಕುಟುಂಬ ಇಂಗ್ಲೆಂಡಿಗೆ ಮರಳಿತು. ತಂದೆ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡರು. ಆ ಗಾಯದ ತೊಂದರೆಯಿಂದಲೇ 1922ರಲ್ಲಿ ತೀರಿಕೊಂಡರು.

ಹುಡುಗ ಬಾಡರ್‌ಗೆ ಆಟ ಎಂದರೆ ಪ್ರಾಣ. ರಗ್ಬಿ, ಕ್ರಿಕೆಟ್, ಬಾಕ್ಸಿಂಗ್ ಎಲ್ಲದರಲ್ಲೂ ಮುಂದು. 1928ರಲ್ಲಿ ಕ್ರಾನ್ವೆಲ್‌ನ ವಾಯುಪಡೆ ಕಾಲೇಜು ಸೇರಿ, 1930ರಲ್ಲಿ ಅಧಿಕಾರಿಯಾದರು. ವಿಮಾನದಲ್ಲಿ ಪಲ್ಟಿ ಹೊಡೆಯುವ ಪ್ರದರ್ಶನಗಳಲ್ಲಿ ಹೆಸರು ಮಾಡಿದ್ದರು. ಜೊತೆಗೆ ಹುಂಬತನವೂ ಇತ್ತು, ನಿಯಮ ಎಂದರೆ ಅಷ್ಟಕ್ಕಷ್ಟೆ.

ಈ ವಿವರ ಇಲ್ಲಿ ಯಾಕೆ ಮುಖ್ಯ ಎಂದರೆ, ಕಾಲು ಹೋಗುವ ದಿನ ಬಾಡರ್‌ಗೆ ಬರೀ 21 ವರ್ಷ. ಗಟ್ಟಿ ಹೃದಯ, ಗಟ್ಟಿ ಶ್ವಾಸಕೋಶ, ಆಟಗಾರನ ತೊಡೆ, ಆಟಗಾರನ ಸಮತೋಲನ. ಮುಂದೆ ಅವರು ನಡೆಯುವುದಕ್ಕೆ ಅಗತ್ಯವಾದ ಬಂಡವಾಳದಲ್ಲಿ ಅರ್ಧ ಆಗಲೇ ಕೈಯಲ್ಲಿತ್ತು.

1931ರ ಡಿಸೆಂಬರ್ 14

ಅಂದು ಬಾಡರ್ ರೆಡಿಂಗ್ ಪಟ್ಟಣದ ಹತ್ತಿರದ ವುಡ್ಲಿ ವಿಮಾನ ಮೈದಾನಕ್ಕೆ ಹೋಗಿದ್ದರು. ನೆಲಕ್ಕೆ ತೀರಾ ಹತ್ತಿರದಲ್ಲಿ ಸಾಹಸದ ಹಾರಾಟ ಮಾಡಬಾರದು ಎಂಬ ಆದೇಶವಿತ್ತು. ಅಲ್ಲಿದ್ದವರ ಕೆಣಕು ಮಾತಿಗೆ ಕೆರಳಿ, ಬ್ರಿಸ್ಟಲ್ ಬುಲ್‌ಡಾಗ್ ವಿಮಾನವನ್ನು ಕೆಳಮಟ್ಟದಲ್ಲೇ ಉರುಳಿಸಲು ಹೋದರು. ರೆಕ್ಕೆಯ ತುದಿ ನೆಲಕ್ಕೆ ತಾಗಿತು. ವಿಮಾನ ಮುದ್ದೆಯಾಯಿತು.

ರೆಡಿಂಗ್‌ನ ರಾಯಲ್ ಬರ್ಕ್‌ಷೈರ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಲೆನಾರ್ಡ್ ಜಾಯ್ಸ್ ಅವರನ್ನು ನೋಡಿಕೊಂಡರು. ಮೊದಲು ಬಲಗಾಲನ್ನು ಮಂಡಿಯ ಮೇಲೆ ಕತ್ತರಿಸಬೇಕಾಯಿತು. ಕೆಲವೇ ದಿನಗಳಲ್ಲಿ ಎಡಗಾಲನ್ನೂ ತೆಗೆಯಬೇಕಾಯಿತು, ಅದು ಮಂಡಿಯ ಕೆಳಗೆ. ಆಗ ಪೆನಿಸಿಲಿನ್ ಔಷಧಿಯಾಗಿ ಬಳಕೆಗೆ ಬಂದಿರಲಿಲ್ಲ. ಗಾಯ ಕೀವಾದರೆ, ನಂಜೇರಿದರೆ ಬದುಕುವುದೇ ಕಷ್ಟ. ಬಾಡರ್ ಸಾವಿನ ಅಂಚಿಗೆ ಹೋಗಿ ಬಂದರು. ಅವರು ಉಳಿಯುವುದಿಲ್ಲ ಎಂದು ಹೊರಗೆ ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿದ್ದು, ಹಟ ಹುಟ್ಟಿತು ಎಂಬ ಕಥೆಯೂ ಇದೆ. ಹಟ ಹುಟ್ಟಿರಬಹುದು. ಆದರೆ ಅವರನ್ನು ಉಳಿಸಿದ್ದರಲ್ಲಿ ಹೊತ್ತಿಗೆ ಸರಿಯಾಗಿ ಚಾಕು ಹಿಡಿದ ವೈದ್ಯರ ಪಾಲು, ಹಗಲಿರುಳು ಕಾದ ನರ್ಸ್‌ಗಳ ಪಾಲು ದೊಡ್ಡದು.

ಒಂದು ಮಂಡಿ ಉಳಿದಿತ್ತು

ಎರಡೂ ಕಾಲು ಹೋಯಿತು ಎಂದಾಗ ನಾವು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಬಾಡರ್ ಅವರ ಎಡಗಾಲಿನ ಮಂಡಿ ಉಳಿದಿತ್ತು. ಕಾಲು ತೆಗೆದ ಮೇಲೆ ನಡೆಯುವ ವಿಷಯದಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿಲ್ಲ.

ಮಂಡಿ ಇದ್ದರೆ ಏನು ಲಾಭ? ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಮೈಭಾರವನ್ನು ಎತ್ತುವುದು ಮಂಡಿ ಮತ್ತು ಅದರ ಮೇಲಿನ ತೊಡೆಯ ಸ್ನಾಯು. ಮಂಡಿ ಉಳಿದವರು ಕೃತಕ ಕಾಲನ್ನು ತಮ್ಮದೇ ಮಂಡಿಯಿಂದ ಮಡಚುತ್ತಾರೆ, ಚಾಚುತ್ತಾರೆ. ಮಂಡಿ ಹೋದವರು ಯಂತ್ರದ ಮಂಡಿಯನ್ನು ನಂಬಬೇಕು. ಆ ಕಾಲದ ಯಂತ್ರದ ಮಂಡಿ ಎಂದರೆ ಹೆಚ್ಚುಕಡಿಮೆ ಬಾಗಿಲಿನ ಕೀಲು ಇದ್ದ ಹಾಗೆ. ಕಾಲೂರುವಾಗ ತೊಡೆಯನ್ನು ಹಿಂದಕ್ಕೆ ಒತ್ತಿ ಅದನ್ನು ನೆಟ್ಟಗೆ ನಿಲ್ಲಿಸಬೇಕು. ಒಂದು ಕ್ಷಣ ಗಮನ ತಪ್ಪಿದರೆ ಮಡಚಿಕೊಂಡು ಬೀಳಿಸುತ್ತದೆ.

ಶ್ರಮದ ಲೆಕ್ಕವನ್ನೂ ನೋಡೋಣ. ಮಂಡಿಯ ಕೆಳಗೆ ಒಂದು ಕಾಲು ಹೋದವರಿಗೆ ಅದೇ ವೇಗದಲ್ಲಿ ನಡೆಯಲು ಸ್ಥೂಲವಾಗಿ ಕಾಲು ಭಾಗದಷ್ಟು ಹೆಚ್ಚು ಶಕ್ತಿ ಬೇಕು. ಮಂಡಿಯ ಮೇಲೆ ಹೋದವರಿಗೆ ಅರ್ಧಕ್ಕಿಂತಲೂ ಹೆಚ್ಚು. ಎರಡೂ ಕಾಲು ಹೋದವರಿಗೆ ಇನ್ನೂ ಹೆಚ್ಚು. ಅಂದರೆ ನಮ್ಮ ನಿಮ್ಮ ಪಾಲಿಗೆ ಅಂಗಡಿಗೆ ಹೋಗಿ ಬರುವ ಮಾಮೂಲಿ ನಡಿಗೆ, ಅವರಿಗೆ ಗುಡ್ಡ ಹತ್ತಿದಷ್ಟು. ವಯಸ್ಸಾದ, ಹೃದಯ ದುರ್ಬಲವಾದ ವ್ಯಕ್ತಿ ನಾಲ್ಕು ಹೆಜ್ಜೆಗೇ ಏದುಸಿರು ಬಿಟ್ಟರೆ ಅದು ಸೋಮಾರಿತನ ಅಲ್ಲ.

ಅದಕ್ಕೇ ಶಸ್ತ್ರವೈದ್ಯರು ಸಾಧ್ಯವಾದಾಗಲೆಲ್ಲ ಮಂಡಿ ಉಳಿಸಲು ನೋಡುತ್ತಾರೆ. ಆದರೆ ಗಾಯ ವಾಸಿಯಾಗುವಷ್ಟು ರಕ್ತ ಅಲ್ಲಿಗೆ ಹರಿಯದಿದ್ದರೆ ಮೇಲೆಯೇ ಕತ್ತರಿಸಬೇಕಾಗುತ್ತದೆ. ಇದರಲ್ಲಿ ರೋಗಿಯ ಛಲಕ್ಕೆ ಮಾಡುವಂಥದ್ದು ಏನೂ ಇಲ್ಲ.

ನಡಿಗೆ ಶುರುವಾಗುವುದು ಹಾಸಿಗೆಯಲ್ಲೇ

ಕೃತಕ ಕಾಲು ಬಂದ ಮೇಲೆ ತರಬೇತಿ ಶುರು ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ಆಪರೇಷನ್ ಆದ ಮೊದಲ ದಿನಗಳಲ್ಲೇ ಶುರುವಾಗಬೇಕು.

ಕತ್ತರಿಸಿ ಉಳಿದ ಭಾಗವನ್ನು ಆಸ್ಪತ್ರೆಯಲ್ಲಿ ಸ್ಟಂಪ್ ಎನ್ನುತ್ತಾರೆ. ಮೊದಲಿಗೆ ಅದು ಊದಿಕೊಂಡಿರುತ್ತದೆ. ಎಲಾಸ್ಟಿಕ್ ಬ್ಯಾಂಡೇಜನ್ನು ತುದಿಯಲ್ಲಿ ಬಿಗಿಯಾಗಿ, ಮೇಲಕ್ಕೆ ಹೋದಂತೆ ಸಡಿಲವಾಗಿ, ಇಂಗ್ಲಿಷಿನ 8ರ ಅಂಕಿಯಂತೆ ಸುತ್ತಿ ಊತ ಇಳಿಸುತ್ತಾರೆ. ಬಳೆಯಂತೆ ಒಂದೇ ಕಡೆ ಬಿಗಿದರೆ ರಕ್ತ ಓಡಾಡುವುದಿಲ್ಲ. ಆದ್ದರಿಂದ ಇದನ್ನು ತಿಳಿದವರಿಂದ ಕಲಿತೇ ಮಾಡಬೇಕು.

ಇನ್ನೊಂದು ಅಪಾಯ ಹಿತವಾಗಿ ಬರುವಂಥದ್ದು. ನೋವು ಕಡಿಮೆಯಾಗಲಿ ಎಂದು ಮನೆಯವರು ಪ್ರೀತಿಯಿಂದ ಸ್ಟಂಪಿನ ಕೆಳಗೆ ದಿಂಬು ಇಡುತ್ತಾರೆ. ದಿನವಿಡೀ ಮಂಡಿ, ಸೊಂಟ ಮಡಚಿಕೊಂಡೇ ಇದ್ದರೆ ಕೀಲು ಹಾಗೆಯೇ ಬಿಗಿದುಕೊಳ್ಳುತ್ತದೆ. ಆಮೇಲೆ ಅದನ್ನು ನೆಟ್ಟಗೆ ಮಾಡುವುದು ಬಹಳ ಕಷ್ಟ. ಮಡಚಿದ ಕೀಲಿಗೆ ಎಷ್ಟೇ ದುಬಾರಿ ಕೃತಕ ಕಾಲು ತಂದರೂ ನಡೆಯಲಾಗುವುದಿಲ್ಲ. ಅದಕ್ಕೇ ಫಿಸಿಯೋಥೆರಪಿಸ್ಟ್‌ಗಳು ದಿನಕ್ಕೆ ಒಂದೆರಡು ಬಾರಿ ಸ್ವಲ್ಪ ಹೊತ್ತು ಬೋರಲು ಮಲಗಿಸುತ್ತಾರೆ, ಮಂಡಿ ನೆಟ್ಟಗೆ ಚಾಚಿಸುತ್ತಾರೆ, ತೊಡೆ, ಹೊಟ್ಟೆ, ತೋಳುಗಳಿಗೆ ವ್ಯಾಯಾಮ ಕೊಡುತ್ತಾರೆ.

ತೋಳು ಯಾಕೆ? ಮಂಚದಿಂದ ಕುರ್ಚಿಗೆ ದಾಟುವುದು, ಊರುಗೋಲು ಹಿಡಿಯುವುದು, ಬಿದ್ದರೆ ಏಳುವುದು ಎಲ್ಲ ತೋಳಿನ ಬಲದಿಂದಲೇ. ಬಾಕ್ಸಿಂಗ್ ಮಾಡಿದ್ದ ಬಾಡರ್‌ಗೆ ತೋಳಿನ ಚಿಂತೆ ಇರಲಿಲ್ಲ.

ರೋಹ್ಯಾಂಪ್ಟನ್‌ನ ಆಸ್ಪತ್ರೆ, ಅಣ್ಣತಮ್ಮಂದಿರ ಕಾಲು

1932ರಲ್ಲಿ ಬಾಡರ್ ಲಂಡನ್ನಿನ ರೋಹ್ಯಾಂಪ್ಟನ್‌ಗೆ ಹೋದರು. ಅಲ್ಲಿನ ಕ್ವೀನ್ ಮೇರಿ ಆಸ್ಪತ್ರೆ 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿಯೇ ಶುರುವಾದದ್ದು. ಆ ಯುದ್ಧದಲ್ಲಿ ಅಂಗ ಕಳೆದುಕೊಂಡ ಬ್ರಿಟಿಷ್ ಸೈನಿಕರು 40 ಸಾವಿರಕ್ಕೂ ಹೆಚ್ಚು. ಅಷ್ಟು ಜನರಿಗೆ ಕಾಲು ಜೋಡಿಸಿದ ಅನುಭವ ಅಲ್ಲಿ ಜಮೆಯಾಗಿತ್ತು. ಬಾಡರ್ ಹೋಗುವ ಹೊತ್ತಿಗೆ ಹದಿನೇಳು ವರ್ಷದ ಕೈಪಳಗಿದ ಕೆಲಸ ಅವರಿಗಾಗಿ ಕಾದಿತ್ತು ಎನ್ನಬಹುದು.

ಅವರ ಕಾಲನ್ನು ಮಾಡಿದ್ದು ಡಿಸೂಟರ್ ಸಹೋದರರ ಕಂಪನಿ. ಈ ಕಂಪನಿಯ ಹಿಂದೆಯೂ ಒಂದು ವಿಮಾನ ಅಪಘಾತ ಇದೆ. ಮಾರ್ಸೆಲ್ ಡಿಸೂಟರ್ ಎಂಬ ಯುವಕ 1913ರಲ್ಲಿ ವಿಮಾನ ಬಿದ್ದು ಒಂದು ಕಾಲು ಕಳೆದುಕೊಂಡರು. ಆಗ ಸಿಗುತ್ತಿದ್ದ ಮರದ ಕಾಲು ತೀರಾ ಭಾರ. ಅವರ ಸಹೋದರ ಚಾರ್ಲ್ಸ್, ವಿಮಾನ ಕಟ್ಟಲು ಬಳಸುವ ಡ್ಯುರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದಿಂದ ಹಗುರವಾದ ಕಾಲು ಮಾಡಿಕೊಟ್ಟರು. ಮನೆಯವರಿಗಾಗಿ ಮಾಡಿದ್ದು ಮುಂದೆ ಉದ್ಯಮವಾಯಿತು. ಸುಮಾರು ಇಪ್ಪತ್ತು ವರ್ಷದ ನಂತರ, ವಿಮಾನದಿಂದಲೇ ಬಿದ್ದ ಇನ್ನೊಬ್ಬರಿಗೆ ಅದೇ ಲೋಹದ ಕಾಲು ಸಿಕ್ಕಿತು.

ಕೃತಕ ಕಾಲಿನಲ್ಲಿ ಜನ ಪಾದ ನೋಡುತ್ತಾರೆ, ಮಂಡಿ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಬೀಳದ ಸಾಕೆಟ್, ಅಂದರೆ ಸ್ಟಂಪ್ ಕೂರುವ ಬಟ್ಟಲು. ನಮ್ಮ ಅಂಗಾಲಿನ ಚರ್ಮ ಮೈಭಾರ ಹೊರಲೆಂದೇ ದಪ್ಪಗಿದೆ. ತೊಡೆಯ, ಮೀನಖಂಡದ ಚರ್ಮ ಹಾಗಿಲ್ಲ. ಆ ಮೆತ್ತನೆ ಚರ್ಮದ ಮೇಲೆ ಇಡೀ ಮೈಭಾರ ಬಿದ್ದರೆ ಸುಲಿಯದೆ ಇರುತ್ತದೆಯೇ? ಆದ್ದರಿಂದ ಭಾರವನ್ನು ತಾಳಬಲ್ಲ ಜಾಗಕ್ಕೆ ಹಂಚಿ, ಮೂಳೆ ಚುಚ್ಚುವ ಜಾಗವನ್ನು ಬಿಡುವಂತೆ ಸಾಕೆಟ್ ಮಾಡಬೇಕು. ಅದು ಒಬ್ಬೊಬ್ಬರಿಗೆ ಒಂದೊಂದು ಅಳತೆ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ.

ಒಬ್ಬರದೇ ಆದರೂ ಸದಾ ಒಂದೇ ಅಳತೆ ಇರುವುದಿಲ್ಲ. ಮೊದಲ ವರ್ಷ, ಒಂದೂವರೆ ವರ್ಷ ಸ್ಟಂಪ್ ಸಣ್ಣಗಾಗುತ್ತಾ ಹೋಗುತ್ತದೆ. ಸಡಿಲವಾದಾಗ ಅದಕ್ಕೆಂದೇ ಮಾಡಿದ ಕಾಲುಚೀಲವನ್ನು ಒಂದರ ಮೇಲೊಂದು ಹಾಕುತ್ತಾರೆ, ಅದೂ ಸಾಲದಾದಾಗ ಸಾಕೆಟ್ ಬದಲಿಸುತ್ತಾರೆ. ಮೊದಲು ಸರಿಯಾಗಿದ್ದ ಕಾಲು ಆರು ತಿಂಗಳಿಗೆ ನೋಯತೊಡಗಿದರೆ ಅದು ಬಳಸುವವರ ತಪ್ಪಲ್ಲ, ಅಳತೆ ಬದಲಾಗಿದೆ ಎಂದರ್ಥ.

ಬಿದ್ದು ಬಿದ್ದು ಕಲಿತ ನಡಿಗೆ

ಲೋಹದ ಕಾಲು ಕಟ್ಟಿಕೊಂಡು ಮೊದಲ ಸಲ ನಿಂತಾಗ ಬಾಡರ್ ಕೂಡ ತತ್ತರಿಸಿದರು. ನಮಗೆ ಕಣ್ಣು ಮುಚ್ಚಿದರೂ ಪಾದ ಎಲ್ಲಿದೆ, ನೆಲ ಇಳಿಜಾರೋ ಸಮವೋ ಎಂದು ಗೊತ್ತಾಗುತ್ತದೆ. ಪಾದದ ಚರ್ಮ, ಕೀಲು, ಸ್ನಾಯು ಆ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಲೇ ಇರುತ್ತವೆ. ಕಾಲು ಹೋದಾಗ ಆ ಸುದ್ದಿಯೂ ನಿಲ್ಲುತ್ತದೆ. ಒಂದು ಕಾಲಿದ್ದವರಿಗೆ ಇನ್ನೊಂದು ಕಾಲಾದರೂ ಸುದ್ದಿ ಕೊಡುತ್ತದೆ. ಬಾಡರ್‌ಗೆ ಅದೂ ಇರಲಿಲ್ಲ. ಸಾಕೆಟ್ಟಿನೊಳಗೆ ಎಲ್ಲಿ ಒತ್ತುತ್ತಿದೆ ಎಂಬುದರಿಂದಲೇ ನೆಲವನ್ನು ಊಹಿಸುವುದನ್ನು ಮಿದುಳು ಹೊಸದಾಗಿ ಕಲಿಯಬೇಕಿತ್ತು. ಇದು ಒಂದು ಹೊಸ ಭಾಷೆ ಕಲಿತಂತೆ. ಸಾವಿರ ಸಲ ಮಾಡಿದರೆ ಮಾತ್ರ ಬರುತ್ತದೆ.

ಎರಡೂ ಕಾಲಿಲ್ಲದವರು ಕೋಲಿಲ್ಲದೆ ನಡೆಯಲಾರರು ಎಂದು ಅಲ್ಲಿನ ಅನುಭವಸ್ಥರು ತಿಳಿಹೇಳಿದರು. ಬಾಡರ್ ಕೋಲು ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಬಿದ್ದರು, ಎದ್ದರು, ಮತ್ತೆ ಬಿದ್ದರು. ಬೆವರಿನಲ್ಲಿ ತೊಯ್ದ ಸ್ಟಂಪ್ ಉಜ್ಜಿ ಉಜ್ಜಿ ಹುಣ್ಣಾಯಿತು. ಕಾಲು ಮಾಡಿದವರು ಮತ್ತೆ ಮತ್ತೆ ತಿದ್ದಿ ಕೊಟ್ಟರು. ಕೊನೆಗೆ ಕೋಲಿಲ್ಲದೆಯೇ ನಡೆದರು. ಕಾಲಿಗೆ ತಕ್ಕಂತೆ ಬದಲಾಯಿಸಿದ ಕಾರು ಓಡಿಸಿದರು, ಕುಣಿತಕ್ಕೂ ಹೋದರು. ಗಾಲ್ಫ್ ಶುರುಮಾಡಿದಾಗ ಕೋಲು ಬೀಸಿದ ರಭಸಕ್ಕೆ ತಾವೇ ಉರುಳುತ್ತಿದ್ದರು. ಕ್ರಮೇಣ ಅದರಲ್ಲೂ ಒಳ್ಳೆಯ ಆಟಗಾರರಾದರು.

ಇಲ್ಲಿ ನಾವು ಎರಡು ಮಾತು ಸೇರಿಸಬೇಕು. ಒಂದು, ಬಾಡರ್ ಅವರ ಛಲ ಅಸಾಧಾರಣ, ಅದರಲ್ಲಿ ಅನುಮಾನವಿಲ್ಲ. ಎರಡು, ಕೋಲು ಬೇಡ ಎಂಬುದು ಅವರ ಆಯ್ಕೆ, ಎಲ್ಲರಿಗೂ ನಿಯಮವಲ್ಲ. ಕೋಲು ಹಿಡಿದು ಬೀಳದೆ ಬಚ್ಚಲಿಗೆ ಹೋಗಿ ಬರುವವರು, ಕೋಲಿಲ್ಲದೆ ಬಿದ್ದು ಸೊಂಟ ಮುರಿದುಕೊಳ್ಳುವವರಿಗಿಂತ ಎಷ್ಟೋ ಮೇಲು. ಇಂದಿನ ತರಬೇತಿಯಲ್ಲಿ ಸುರಕ್ಷಿತವಾಗಿ ಬೀಳುವುದು ಹೇಗೆ, ನೆಲದಿಂದ ಏಳುವುದು ಹೇಗೆ ಎಂಬುದನ್ನೇ ಒಂದು ಪಾಠವಾಗಿ ಕಲಿಸುತ್ತಾರೆ.

ಇಲ್ಲದ ಕಾಲು ನೋಯುತ್ತದೆಯೇ?

ಕಾಲು ಕಳೆದುಕೊಂಡ ಬಹಳ ಮಂದಿ ಹೇಳಲು ಹಿಂಜರಿಯುವ ಸಂಗತಿ ಒಂದಿದೆ. ಹೋದ ಕಾಲಿನ ಹೆಬ್ಬೆರಳು ತುರಿಸುತ್ತದೆ, ಇಲ್ಲದ ಪಾದ ಉರಿಯುತ್ತದೆ, ಹಿಂಡಿದಂತಾಗುತ್ತದೆ. ತಲೆ ಕೆಟ್ಟಿದೆ ಎಂದುಕೊಂಡಾರು, ದೆವ್ವದ ಕಾಟ ಎಂದಾರು ಎಂಬ ಭಯಕ್ಕೆ ಬಾಯಿ ಬಿಡುವುದಿಲ್ಲ.

ಇದು ಭ್ರಮೆಯಲ್ಲ, ನಾಟಕವೂ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಅಂಗ ಕಳೆದುಕೊಂಡವರನ್ನು ನೋಡಿಕೊಂಡ ವೈದ್ಯ ಸೈಲಸ್ ವೇರ್ ಮಿಚೆಲ್ ಇದಕ್ಕೆ 1871ರಲ್ಲಿ ಫ್ಯಾಂಟಮ್ ಲಿಂಬ್ ಎಂದು ಹೆಸರಿಟ್ಟರು. ಕಾಲು ಹೋದರೂ ಮಿದುಳಿನಲ್ಲಿ ಆ ಕಾಲಿನ ನಕ್ಷೆ ಉಳಿದಿರುತ್ತದೆ, ಕತ್ತರಿಸಿದ ನರಗಳೂ ಸಂಕೇತ ಕಳಿಸುತ್ತಿರುತ್ತವೆ. ಭಾರತ ಮೂಲದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಇದಕ್ಕೆ ಕನ್ನಡಿ ಬಳಸುವ ವಿಧಾನ ತೋರಿಸಿದರು. ಉಳಿದ ಅಂಗದ ಬಿಂಬವನ್ನು ಕನ್ನಡಿಯಲ್ಲಿ, ಹೋದ ಅಂಗದ ಜಾಗದಲ್ಲಿ ಕಾಣುವಂತೆ ಮಾಡಿ ಚಲಿಸಿದಾಗ ಕೆಲವರಿಗೆ ನೋವು ತಗ್ಗುತ್ತದೆ. ಎಲ್ಲರಿಗೂ ಅಲ್ಲ. ಔಷಧಿ, ಸರಿಯಾದ ಬ್ಯಾಂಡೇಜ್, ಕೃತಕ ಕಾಲಿನ ಬಳಕೆ ಇವೂ ನೆರವಾಗುತ್ತವೆ. ಮೊದಲ ಹೆಜ್ಜೆ ಎಂದರೆ ವೈದ್ಯರಿಗೆ ಹೇಳುವುದು, ಮನೆಯವರು ಅದನ್ನು ನಂಬುವುದು.

ಹಾರಲು ಬಂದರೂ ಕೆಲಸ ಹೋಯಿತು

ಅಪಘಾತವಾದ ಆರು ತಿಂಗಳಿಗೆ, 1932ರ ಜೂನ್‌ನಲ್ಲಿ ಬಾಡರ್‌ಗೆ ಆವ್ರೊ 504 ವಿಮಾನ ಹಾರಿಸುವ ಅವಕಾಶ ಸಿಕ್ಕಿತು. ಚೆನ್ನಾಗಿಯೇ ಹಾರಿಸಿದರು. ವೈದ್ಯಕೀಯ ಪರೀಕ್ಷೆಯಲ್ಲೂ ಪಾಸಾದರು. ಆದರೆ 1933ರಲ್ಲಿ ವಾಯುಪಡೆ, ಇಂಥವರು ಹಾರಬಹುದು ಎಂದು ನಿಯಮಾವಳಿಯಲ್ಲಿ ಎಲ್ಲೂ ಇಲ್ಲ ಎಂಬ ಕಾರಣ ಕೊಟ್ಟು ಅವರನ್ನು ನಿವೃತ್ತಿಗೊಳಿಸಿತು. ಕಾಲು ಹೋದದ್ದಕ್ಕಿಂತ ಈ ಏಟು ಅವರಿಗೆ ಕಡಿಮೆಯದೇನೂ ಆಗಿರಲಿಲ್ಲ. ಮುಂದೆ ಶೆಲ್ ಎಂದು ಹೆಸರಾದ ತೈಲ ಕಂಪನಿಯಲ್ಲಿ ಮೇಜಿನ ಕೆಲಸಕ್ಕೆ ಸೇರಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಥೆಲ್ಮಾ ಎಡ್ವರ್ಡ್ಸ್ ಅವರನ್ನು ಮದುವೆಯಾದರು.

ಪುನಶ್ಚೇತನ ಎಂದರೆ ನಡಿಗೆ ಮಾತ್ರ ಅಲ್ಲ ಎಂಬುದು ಇಲ್ಲಿ ಕಾಣುತ್ತದೆ. ಕಾಲು ಸಿಕ್ಕಿತು, ನಡಿಗೆ ಬಂತು, ಕೆಲಸ ಮಾತ್ರ ಹೋಯಿತು. ಫೈಲಿನಲ್ಲಿ ಜಾಗ ಇಲ್ಲ ಎಂಬ ಒಂದೇ ಕಾರಣಕ್ಕೆ ಆರು ವರ್ಷ ಅವರು ಪೈಲಟ್ ಆಗಿರಲಿಲ್ಲ.

ಯುದ್ಧ ಶುರುವಾಗಿ ಪೈಲಟ್‌ಗಳು ಬೇಕಾದಾಗ ಬಾಗಿಲು ತೆರೆಯಿತು. 1939ರ ಕೊನೆಗೆ ಮತ್ತೆ ಪರೀಕ್ಷೆ ನಡೆಯಿತು. ಪರೀಕ್ಷೆಗೆ ಕೊಟ್ಟ ಹಾರ್ವರ್ಡ್ ವಿಮಾನದ ಬ್ರೇಕ್ ಪಾದದಿಂದ ಒತ್ತುವಂಥದ್ದು. ಲೋಹದ ಪಾದಕ್ಕೆ ಅದು ಆಗದ ಮಾತು. ಆದರೆ ಯುದ್ಧದಲ್ಲಿ ಹಾರಿಸಬೇಕಾಗಿದ್ದ ಹರಿಕೇನ್, ಸ್ಪಿಟ್‌ಫೈರ್ ವಿಮಾನಗಳಲ್ಲಿ ಬ್ರೇಕ್ ಇದ್ದದ್ದು ಕೈಯಲ್ಲಿ. ಚುಕ್ಕಾಣಿಯ ಪೆಡಲನ್ನು ತೊಡೆಯ ಬಲದಿಂದ ತಳ್ಳಿದರೆ ಸಾಕು. ಬ್ರೇಕ್ ಕಾಲಲ್ಲಿದೆಯೋ ಕೈಯಲ್ಲಿದೆಯೋ ಎಂಬ ಇಷ್ಟು ಸಣ್ಣ ವಿಷಯದ ಮೇಲೆ ಒಬ್ಬರ ಉದ್ಯೋಗ ನಿಂತಿತ್ತು. ಇಂದಿಗೂ ಎಷ್ಟೋ ಜನರ ಕೆಲಸ ಇಂಥದ್ದೇ ಸಣ್ಣ ಬದಲಾವಣೆಯ ಮೇಲೆ ನಿಂತಿರುತ್ತದೆ. ಕೈಯಿಂದ ನಡೆಸುವ ಬ್ರೇಕ್, ಮೆಟ್ಟಿಲ ಪಕ್ಕ ಒಂದು ಕಂಬಿ, ಕುಳಿತು ಮಾಡಬಹುದಾದ ಮೇಜು.

1939ರ ನವೆಂಬರ್ 27ರಂದು, ಹೆಚ್ಚುಕಡಿಮೆ ಎಂಟು ವರ್ಷದ ಬಳಿಕ, ಬಾಡರ್ ಮತ್ತೆ ಒಬ್ಬರೇ ವಾಯುಪಡೆಯ ವಿಮಾನ ಹಾರಿಸಿದರು.

ಕಾಲಿಲ್ಲದ್ದೇ ಲಾಭವಾಯಿತೇ?

1940ರಲ್ಲಿ ಅವರಿಗೆ 242ನೇ ಸ್ಕ್ವಾಡ್ರನ್ನಿನ ಹೊಣೆ ಸಿಕ್ಕಿತು. ಫ್ರಾನ್ಸಿನ ಸೋಲಿನಿಂದ ಕುಗ್ಗಿದ್ದ ಆ ತಂಡವನ್ನು ಎತ್ತಿ ನಿಲ್ಲಿಸಿ, ಬ್ರಿಟನ್ ಕದನದಲ್ಲಿ ಹೋರಾಡಿದರು. ಒಟ್ಟು 22 ವಿಮಾನ ಉರುಳಿಸಿದ ಲೆಕ್ಕ ಅವರ ಹೆಸರಿಗಿದೆ.

ಕೆಲವು ಫಾರ್ವರ್ಡ್‌ಗಳಲ್ಲಿ ಇನ್ನೊಂದು ಮಾತು ಇರುತ್ತದೆ. ವಿಮಾನ ಗಕ್ಕನೆ ತಿರುಗುವಾಗ ರಕ್ತ ಕಾಲಿಗೆ ಇಳಿದು ಪೈಲಟ್‌ಗಳಿಗೆ ಕಣ್ಣು ಕತ್ತಲೆ ಬರುತ್ತದೆ, ಬಾಡರ್‌ಗೆ ಕಾಲೇ ಇಲ್ಲದ್ದರಿಂದ ಆ ತೊಂದರೆ ಇರಲಿಲ್ಲ, ಅದಕ್ಕೇ ಗೆದ್ದರು ಎಂದು. ಇದು ಅರ್ಧ ಸತ್ಯ. ರಕ್ತ ಕೆಳಗಿಳಿಯುವುದು ನಿಜ. ಇಂದಿನ ಪೈಲಟ್‌ಗಳ ವಿಶೇಷ ಉಡುಪು ಕಾಲನ್ನೂ ಹೊಟ್ಟೆಯನ್ನೂ ಹಿಂಡಿ ಹಿಡಿಯುವುದು ಅದಕ್ಕೇ. ಆದರೆ ರಕ್ತ ಕಾಲಿಗೆ ಮಾತ್ರವಲ್ಲ, ಹೊಟ್ಟೆಯ ಭಾಗಕ್ಕೂ ಇಳಿಯುತ್ತದೆ. ಕಾಲಿಲ್ಲದವರಿಗೂ ಕಣ್ಣು ಕತ್ತಲೆ ಬರಬಹುದು. ಸ್ವಲ್ಪ ಅನುಕೂಲ ಆಗಿದ್ದಿರಬಹುದು ಎನ್ನೋಣ, ಆದರೆ ಗೆಲುವಿಗೆ ಅದೇ ಕಾರಣ ಎನ್ನುವುದು ತಪ್ಪು.

ಆಕಾಶದಿಂದ ಇಳಿದ ಕಾಲು

1941ರ ಆಗಸ್ಟ್ 9ರಂದು ಫ್ರಾನ್ಸಿನ ಮೇಲೆ ಬಾಡರ್ ಅವರ ವಿಮಾನ ಬಿತ್ತು. ಹೊರಗೆ ಹಾರುವಾಗ ಬಲಗಾಲಿನ ಕೃತಕ ಕಾಲು ಒಳಗೆ ಸಿಕ್ಕಿಕೊಂಡಿತು. ಪಟ್ಟಿ ಹರಿದು ಅವರು ಪಾರಾದರು, ಕಾಲು ವಿಮಾನದಲ್ಲೇ ಉಳಿಯಿತು. ಜರ್ಮನ್ನರಿಗೆ ಸೆರೆಯಾದರು.

ಜರ್ಮನ್ನರು ಅವಶೇಷದಲ್ಲಿ ಸಿಕ್ಕ ಆ ಕಾಲನ್ನು ರಿಪೇರಿ ಮಾಡಿಸಿ ಕೊಟ್ಟರು. ಬದಲಿ ಕಾಲು ಕಳಿಸಿದರೆ ತರುವ ವಿಮಾನಕ್ಕೆ ತೊಂದರೆ ಮಾಡುವುದಿಲ್ಲ ಎಂದೂ ಬ್ರಿಟನ್ನಿಗೆ ತಿಳಿಸಿದರು. ಬ್ರಿಟಿಷರು ಆ ವಿನಾಯಿತಿ ಬಳಸದೆ, ಆಗಸ್ಟ್ 19ರಂದು ಬಾಂಬ್ ದಾಳಿಗೆ ಹೊರಟ ವಿಮಾನದಿಂದಲೇ ಪ್ಯಾರಾಚೂಟ್ ಕಟ್ಟಿ ಕಾಲನ್ನು ಇಳಿಸಿದರು. ಅದೇ ದಿನಗಳಲ್ಲಿ ಬಾಡರ್ ಆಸ್ಪತ್ರೆಯ ಕಿಟಕಿಯಿಂದ ಹಾಸಿಗೆಯ ಬಟ್ಟೆಗಳನ್ನು ಗಂಟು ಹಾಕಿ ಇಳಿದು ಪರಾರಿಯಾಗಿದ್ದರು! ಬೇಗನೆ ಸಿಕ್ಕಿಬಿದ್ದರು. ಮತ್ತೆ ಓಡಿಹೋಗದಂತೆ ಕಾವಲಿನವರು ಅವರ ಕಾಲುಗಳನ್ನೇ ಕಿತ್ತಿಟ್ಟುಕೊಂಡದ್ದೂ ಉಂಟು. 1942ರಲ್ಲಿ ಕೋಲ್ಡಿಟ್ಸ್ ಕೋಟೆಯ ಸೆರೆಮನೆಗೆ ಕಳಿಸಿದರು. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಬಂದು ಬಿಡಿಸಿತು.

ಈ ರೋಚಕ ಕಥೆಯಲ್ಲೂ ಒಂದು ಸರಳ ಪಾಠ ಇದೆ. ಕೃತಕ ಕಾಲು ಮುರಿಯುತ್ತದೆ, ಸವೆಯುತ್ತದೆ. ಎಷ್ಟೇ ಛಲವಂತನಾದರೂ ಬಿಡಿಭಾಗ, ರಿಪೇರಿ ಇಲ್ಲದೆ ನಡೆಯಲಾರ. ಯುದ್ಧದ ನಡುವೆಯೂ ಎರಡು ಶತ್ರು ದೇಶಗಳು ಒಬ್ಬ ಮನುಷ್ಯನ ಕಾಲಿಗಾಗಿ ಓಡಾಡಬೇಕಾಯಿತು.

ಯುದ್ಧದ ನಂತರ

1946ರಲ್ಲಿ ವಾಯುಪಡೆ ಬಿಟ್ಟು ಬಾಡರ್ ಮತ್ತೆ ಶೆಲ್ ಕಂಪನಿಗೆ ಹೋದರು. 1954ರಲ್ಲಿ ಅವರ ಜೀವನಚರಿತ್ರೆ, 1956ರಲ್ಲಿ ಅದರ ಸಿನಿಮಾ ಬಂದು ಮನೆಮಾತಾದರು. ಒರಟು ಮಾತಿನ, ತಾನು ಹೇಳಿದ್ದೇ ಸರಿ ಎನ್ನುವ ಸ್ವಭಾವ ಅವರದು. ಎಲ್ಲರಿಗೂ ಹಿಡಿಸಿದವರಲ್ಲ. ಆದರೆ ಕಾಲು ಕಳೆದುಕೊಂಡ ಮಗುವೋ ಯುವಕನೋ ಆಸ್ಪತ್ರೆಯಲ್ಲಿದ್ದಾರೆ ಎಂದರೆ ಹೋಗಿ ನೋಡುತ್ತಿದ್ದರು. ಅವರ ಮುಂದೆ ನಡೆದು ತೋರಿಸುತ್ತಿದ್ದರು. ಹೊಸದಾಗಿ ಕಾಲು ಕಳೆದುಕೊಂಡವರಿಗೆ, ಅದನ್ನು ದಾಟಿ ಬಂದ ಇನ್ನೊಬ್ಬರನ್ನು ಕಣ್ಣಾರೆ ಕಾಣುವುದು ದೊಡ್ಡ ಧೈರ್ಯ. ಇದನ್ನು ಇಂದು ಪುನಶ್ಚೇತನದ ಭಾಗವಾಗಿಯೇ ಮಾಡುತ್ತಾರೆ.

ಅಂಗವಿಕಲರಿಗಾಗಿ ಮಾಡಿದ ಸೇವೆಗೆ 1976ರಲ್ಲಿ ಅವರಿಗೆ ಸರ್ ಪದವಿ ಬಂತು. 1982ರ ಸೆಪ್ಟೆಂಬರ್ 5ರಂದು, 72ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ರೋಹ್ಯಾಂಪ್ಟನ್‌ನ ಅದೇ ಆಸ್ಪತ್ರೆಯಲ್ಲಿ ಅಂಗ ಕಳೆದುಕೊಂಡವರ ಪುನಶ್ಚೇತನ ಕೇಂದ್ರಕ್ಕೆ ಅವರ ಹೆಸರಿದೆ.

ಬಾಡರ್ ಅವರ ಕಾಲು ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗಾಗಿ ಮಾಡಿದ್ದು. ಬರಿಗಾಲಲ್ಲಿ ಗದ್ದೆಗಿಳಿಯುವ, ನೆಲದ ಮೇಲೆ ಕೂರುವ ನಮ್ಮವರಿಗೆ ಅಂಥದ್ದು ಒಗ್ಗುತ್ತಿರಲಿಲ್ಲ. 1968ರಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಥಿ ರಬ್ಬರಿನ ಜೈಪುರ ಪಾದ ರೂಪಿಸಿದ್ದು ಈ ಕಾರಣಕ್ಕೇ. ಬದುಕುವ ರೀತಿಗೆ ಹೊಂದುವ ಕಾಲೇ ಒಳ್ಳೆಯ ಕಾಲು, ದುಬಾರಿಯದ್ದೇ ಆಗಬೇಕಿಲ್ಲ.

ಫಾರ್ವರ್ಡ್ ಮಾಡುವ ಮುನ್ನ ಇಷ್ಟು ನೆನಪಿಡಿ

• ತಪ್ಪು: ಛಲ ಇದ್ದರೆ ಯಾರಾದರೂ ಬಾಡರ್ ಅವರಂತೆ ನಡೆಯಬಹುದು.
ನಿಜ: ವಯಸ್ಸು, ಹೃದಯದ ಶಕ್ತಿ, ಮಂಡಿ ಉಳಿದಿದೆಯೇ, ಸಾಕೆಟ್ ಸರಿಯಿದೆಯೇ, ತರಬೇತಿ ಸಿಕ್ಕಿತೇ ಎಂಬುದೆಲ್ಲ ಸೇರಿ ನಡಿಗೆ ಆಗುತ್ತದೆ. ಛಲ ಅದರಲ್ಲಿ ಒಂದು.

• ತಪ್ಪು: ಕೃತಕ ಕಾಲು ನೋಯುವುದು ಸಹಜ, ಸಹಿಸಿಕೊಂಡು ನಡೆದರೆ ಅಭ್ಯಾಸವಾಗುತ್ತದೆ.
ನಿಜ: ಕಾಲು ಬಿಚ್ಚಿದ ಮೇಲೆ ಚರ್ಮದ ಕೆಂಪು ಹತ್ತು-ಹದಿನೈದು ನಿಮಿಷದಲ್ಲಿ ಮಾಯವಾಗದಿದ್ದರೆ, ಗುಳ್ಳೆ ಅಥವಾ ಹುಣ್ಣು ಕಂಡರೆ ಬಳಕೆ ನಿಲ್ಲಿಸಿ ಕಾಲು ಮಾಡಿಕೊಟ್ಟವರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ನೋವು ಗೊತ್ತಾಗದೇ ಹುಣ್ಣಾಗಬಹುದು. ಕನ್ನಡಿ ಹಿಡಿದು ದಿನವೂ ನೋಡಿಕೊಳ್ಳಬೇಕು. ಉಳಿದ ಇನ್ನೊಂದು ಪಾದವನ್ನೂ ನೋಡಬೇಕು.

• ತಪ್ಪು: ಸ್ಟಂಪಿನ ಕೆಳಗೆ ದಿಂಬಿಟ್ಟರೆ ಆರಾಮ.
ನಿಜ: ಕೀಲು ಬಿಗಿದು, ಮುಂದೆ ಕೃತಕ ಕಾಲು ಹಾಕುವುದೇ ಕಷ್ಟವಾಗಬಹುದು.

• ತಪ್ಪು: ಇಲ್ಲದ ಕಾಲು ನೋಯುತ್ತದೆ ಎಂದರೆ ಮಾನಸಿಕ.
ನಿಜ: ಅದು ನಿಜವಾದ ನೋವು, ಅದಕ್ಕೆ ಚಿಕಿತ್ಸೆ ಇದೆ.

• ತಪ್ಪು: ಕೋಲು ಹಿಡಿದರೆ ಸೋತಂತೆ.
ನಿಜ: ಬೀಳದೆ ಓಡಾಡುವುದೇ ಗುರಿ. ಕೋಲು, ವಾಕರ್, ಗಾಲಿಕುರ್ಚಿ ಎಲ್ಲವೂ ಅದಕ್ಕೆ ಸಾಧನ.

ಬಾಡರ್ ಅವರ ಫೋಟೊ ಹಂಚಿಕೊಳ್ಳಬೇಡಿ ಎಂದು ನಾವು ಹೇಳುತ್ತಿಲ್ಲ. ಅವರ ಬದುಕು ಸ್ಫೂರ್ತಿಯೇ. ಆದರೆ ನಿಮಗೆ ಗೊತ್ತಿರುವ ಯಾರಾದರೂ ಕಾಲು ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದರೆ, ಫೋಟೊ ಕಳಿಸಿ ಸುಮ್ಮನಾಗಬೇಡಿ. ಸಾಕೆಟ್ ಸರಿಯಾಗಿ ಕೂತಿದೆಯೇ, ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಲು ಯಾರಿದ್ದಾರೆ ಎಂದು ಒಂದು ಫೋನ್ ಮಾಡಿ ಕೇಳಿ. ಬಾಡರ್ ಎದ್ದು ನಿಂತಾಗಲೂ ಅವರ ಅಕ್ಕಪಕ್ಕದಲ್ಲಿ ಹಿಡಿದುಕೊಳ್ಳುವ ಕೈಗಳು ಇದ್ದವು.